ಅತಿತಿದ್ದುಗೆ ಪರಸಪ್ಪ

೧೧ ಆಗಸ್ಟ್ ೨೦೨೪, ರವಿವಾರ

ಮನೆಯಲ್ಲಿ ಮಹತ್ವದ ಘಟನೆಗಳು ನಡೆಯತೊಡಗಿರುವುದರಿಂದ ಇಂದಿನಿಂದ ದಿನಚರಿ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಡೈರಿ ಜನವರಿಯಲ್ಲಿ ಪಂಪ್‌ಸೆಟ್ ಅಂಗಡಿಯವರು ಕೊಟ್ಟದ್ದು. ಇಷ್ಟು ದಿನ ಬರೆಯುವಂಥದ್ದು ಏನೂ ನಡೆದಿರಲಿಲ್ಲ.

ನಮ್ಮ ರಾಣಿ ದೊಡವಾಡದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ದಿನಾ ಬೈಲಹೊಂಗಲದಿಂದ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅದೇ ಊರಿನ ದನದ ದವಾಖಾನೆಗೆ ಮಾದೇಶ ಎಂಬ ಡಾಕ್ಟರು ಬಂದು ವರ್ಷ ಎರಡಾಯಿತು. ನಂಜನಗೂಡಿನ ಕಡೆಯವರು. ಇವತ್ತು ಮಧ್ಯಾಹ್ನ ಊಟಕ್ಕೆ ಕುಳಿತಾಗ ರಾಣಿ ತಟ್ಟೆ ನೋಡುತ್ತ, "ಅಪ್ಪಾ, ನಾನೂ ಮಾದೇಶೂ ಲಗ್ನ ಆಗಬೇಕಂತ ಮಾಡೇವಿ. ನೀವಿಬ್ರೂ ಹೂಂ ಅಂದ್ರ" ಎಂದಳು.

ನಾನು ಗಂಭೀರವಾಗಿ ಯೋಚಿಸುವವನಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಬೀರವ್ವ ಹೂಂ ಅಂದುಬಿಟ್ಟಳು. "ಹುಡುಗ ಬಹಳ ಒಳ್ಳೆಯವನು. ದೊಡವಾಡದಲ್ಲಿ ನನ್ನ ಅಣ್ಣನ ಎಮ್ಮೆಗೆ ಔಷಧ ಕೊಟ್ಟವನು ಅವನೇ" ಎಂದಳು. (ಅವಳು ನಿಜವಾಗಿ ಹೇಳಿದ್ದು ಬೇರೆ ರೀತಿ. ದಿನಚರಿಯ ಘನತೆಗೆ ತಕ್ಕಂತೆ ತಿದ್ದಿ ಬರೆದಿದ್ದೇನೆ.) ಆಮೇಲೆ ಸಾಯಂಕಾಲದವರೆಗೆ ಮಾತಾಡಿದಳು. ಬೀರವ್ವನ ಮಾತು ಬೆಳಿಗ್ಗೆ ನಳದ ನೀರಿನ ಜೊತೆ ಶುರುವಾಗುತ್ತದೆ. ನೀರು ನಿಲ್ಲುತ್ತದೆ, ಅದು ನಿಲ್ಲುವುದಿಲ್ಲ.

ಸಂಜೆ ಹುಡುಗನ ತಾಯಿ ಚಿಕ್ಕತಾಯಮ್ಮ ಫೋನ್ ಮಾಡಿದರು. ಈಗ ಮಗನ ಜೊತೆ ದೊಡವಾಡದಲ್ಲೇ ಇದ್ದಾರೆ. ೨೫ನೆಯ ತಾರೀಖು ಮನೆ ನೋಡಲು ಬರುತ್ತಾರಂತೆ. ಅವರ ಮೊದಲ ಮಾತು ಕೇಳಿಯೇ ನಾನು ದಂಗಾದೆ.

"ನಮಸ್ಕಾರ ಹಣ್ಣಾವ್ರೆ. ಹೂಟ ಹಾಯ್ತಾ?"

ಹೂಟ! ನಾನು ಹುಟ್ಟಿದಾಗಿನಿಂದ ಬರೀ ಊಟ ಮಾಡುತ್ತ ಬಂದವನು. ಮೈಸೂರು ಸೀಮೆಯ ಶುದ್ಧ ಕನ್ನಡ ಎಂದರೆ ಇದು. ಅದರ ಮೇಲೆ ನನ್ನನ್ನು ಹಣ್ಣು ಎಂದು ಕರೆದರು. ಎಂಥ ಸಂಸ್ಕಾರ! ಇಂಥವರ ಮುಂದೆ ನಾವು "ಬರ್ರಿ, ಕುಂತ್ರಿ, ಚಾ ಕುಡೀರಿ" ಅಂದರೆ ನಮ್ಮ ಮಾನ ಉಳಿಯುತ್ತದೆಯೇ?

೧೨ ಆಗಸ್ಟ್, ಸೋಮವಾರ

ನಾನು ಸಾಮಾನ್ಯ ಮನುಷ್ಯನಲ್ಲ. ಬೈಲಹೊಂಗಲದಲ್ಲಿ ಮೈಕ್‌ಸೆಟ್ ಮತ್ತು ಪೆಂಡಾಲಿನ ಅಂಗಡಿ ಇಟ್ಟು ಎಷ್ಟೋ ಸಮಾರಂಭಗಳಲ್ಲಿ ಮಾತಾಡಿದ್ದೇನೆ. ಆದ್ದರಿಂದ ಶುದ್ಧ ಕನ್ನಡದ ನಿಯಮವನ್ನು ನಾನೇ ಕಂಡುಹಿಡಿದೆ.

ನಾವು ಮನಿ ಎನ್ನುತ್ತೇವೆ, ಪುಸ್ತಕದಲ್ಲಿ ಮನೆ. ನಾವು ಸಾಲಿ ಎನ್ನುತ್ತೇವೆ, ಪುಸ್ತಕದಲ್ಲಿ ಶಾಲೆ. ಇದರಿಂದ ತಿಳಿಯುವುದೇನು? ಶಬ್ದದ ಕೊನೆಗೆ 'ಇ' ಬಂದರೆ ಅದನ್ನು 'ಎ' ಮಾಡಬೇಕು. ಮೊದಲಿಗೆ 'ಸ' ಬಂದರೆ 'ಶ' ಮಾಡಬೇಕು. ಇಷ್ಟೇ. ಜನ ಇದಕ್ಕೆ ಎಂ.ಎ. ಮಾಡುತ್ತಾರೆ.

ಬೆಳಿಗ್ಗೆಯೇ ಪ್ರಯೋಗ ಶುರು ಮಾಡಿದೆ. "ಬೀರವ್ವಾ, ಇನ್ನೊಂದು ರೊಟ್ಟೆ, ಸ್ವಲ್ಪ ಚಟ್ಣೆ" ಎಂದೆ.

ಅವಳು ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ನಿಂತಳು. "ಏನ್ ಬೇಕ್ರಿ?"

"ಏನು ಬೇಕು ಎನ್ನಬೇಕು. ರೊಟ್ಟೆ."

"ಹಲ್ಲ ನೋಯಾಕತ್ತಾವೇನ್ರಿ?"

ಆಮೇಲೆ ಅವಳು ಪಕ್ಕದ ಮನೆಯ ಮುದಕವ್ವ ಸೊಸೆಯ ಜೊತೆ ಸಿಲಿಂಡರಿನ ಸಲುವಾಗಿ ಜಗಳಾಡಿದ್ದನ್ನು ಹೇಳತೊಡಗಿದಳು. ಒಳ್ಳೆಯ ಕಥೆಯೇ. ಆದರೆ ಪ್ರತಿ ಮಾತಿಗೂ "ಹಿಂಗ", "ಹಂಗ", "ಅಕಿ ಅಂದ್ಲು". ಪ್ರತಿ ಸಲವೂ ನಿಲ್ಲಿಸಿ ತಿದ್ದಿದೆ. ಸೊಸೆ ಸಿಲಿಂಡರನ್ನು ಬಾಗಿಲಿಗೆ ಉರುಳಿಸಿದ ಜಾಗಕ್ಕೆ ಬಂದಾಗ ನಾನು "ಬಾಗಲಾ ಅಲ್ಲ, ಬಾಗಿಲು" ಎಂದೆ. ಅವಳು ನನ್ನ ಮುಖ ನೋಡಿ, "ಮುಂದಿಂದು ನೀವ ಹೇಳ್ರಿ" ಎಂದು ಹಿತ್ತಲಿಗೆ ಹೋದಳು.

ಮುಂದಿನದು ನನಗೆ ಗೊತ್ತಿರಲಿಲ್ಲ.

೧೫ ಆಗಸ್ಟ್, ಗುರುವಾರ

ಕಾಲೊನಿಯ ಧ್ವಜಾರೋಹಣಕ್ಕೆ ಮೈಕು ನಮ್ಮದೇ, ನಿರೂಪಣೆಯೂ ನನ್ನದೇ. ಶುದ್ಧ ಕನ್ನಡವನ್ನು ಸಾರ್ವಜನಿಕವಾಗಿ ಬಳಸಲು ಇದಕ್ಕಿಂತ ಒಳ್ಳೆಯ ದಿನ ಸಿಗದು.

"ಈ ಮಣ್ಣಿನ ಶಕ್ತೆ, ಈ ಜನರ ಭಕ್ತೆ, ನಮ್ಮ ಕಿತ್ತೂರಿನ ರಾಣೆ ಚೆನ್ನಮ್ಮನ ಕೀರ್ತೆ..." ಎಂದು ಆರಂಭಿಸಿದೆ. ಮುಂದಿನ ಕುರ್ಚಿಯಲ್ಲಿದ್ದ ನಿವೃತ್ತ ಮಾಸ್ತರರೊಬ್ಬರು ಎದ್ದು ನಿಂತರು.

"ಏ ಪರಸಪ್ಪಾ, ಯಾವ ರಾಣೆಲೇ? ಆಕಿ ಸಮಾಧಿ ನಮ್ಮೂರಾಗ ಐತಿ. ನೆಟ್ಟಗ ರಾಣಿ ಅನ್ನು!"

ನಾನು ವಿಚಲಿತನಾಗಲಿಲ್ಲ. ಮನೆಯಲ್ಲಿ ನಮ್ಮ ಮಗಳನ್ನೂ ರಾಣೆ ಎಂದೇ ಕರೆಯತೊಡಗಿದ್ದೇನೆ; ಅವಳು ಓಗೊಡುವುದಿಲ್ಲ, ಅದು ಬೇರೆ ಮಾತು.

ಕೊನೆಗೆ ಬೂಂದಿ ಹಂಚುವ ಹೊತ್ತು. ಜನ ನುಗ್ಗಬಾರದೆಂದು, "ತಾಯಂದಿರು ಮೊದಲು ಬರಬೇಕು. ಎಲ್ಲರಿಗೂ ಶಾಲಿನಲ್ಲೇ ಕೊಡಲಾಗುವುದು" ಎಂದು ಸಾರಿದೆ. ಸಾಲಿನಲ್ಲಿ ಎಂಬುದರ ಶುದ್ಧ ರೂಪ. ಆದರೆ ನಮ್ಮ ಜನರಿಗೆ ತಿಳಿಯಬೇಕಲ್ಲ! "ಶಾಲು ಹೊಚ್ಚಾಕತ್ತಾರಂತ, ಲಗೂ ಬರ್ರೇ" ಎಂದು ಒಬ್ಬಳು ಕೂಗಿದ್ದೇ, ಆಚೆ ಓಣಿಯ ಹೆಂಗಸರೂ ಓಡಿ ಬಂದರು. ಬೂಂದಿಯ ಬುಟ್ಟಿ ಮಗುಚಿತು. ಶಾಲು ಎಲ್ಲಿ ಎಂದು ಸಂಘದ ಅಧ್ಯಕ್ಷರನ್ನು ಸುತ್ತುವರಿದರು. ಅವರು ನನ್ನ ಕಡೆ ಬೆರಳು ತೋರಿಸಿದರು.

ಸಂಜೆ ರಾಣಿ ಮೊಬೈಲಿನಲ್ಲಿ ಇದೆಲ್ಲದರ ವಿಡಿಯೊ ನೋಡಿ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಳು. "ಅಪ್ಪಾ, ನೀ ಮಾಡಾಕತ್ತಿಯಲ್ಲ, ಅದಕ್ಕ ಭಾಷಾಶಾಸ್ತ್ರದಾಗ ಒಂದು ಶಬ್ದ ಐತಿ. ನಾ ಸಾಲಿಯಾಗ ಅತಿತಿದ್ದುಗೆ ಅಂತ ಕಲಸ್ತೇನಿ" ಎಂದಳು.

"ಏನು? ಇನ್ನೊಮ್ಮೆ ಹೇಳು."

"ಅತಿತಿದ್ದುಗೆ. ಅಂದ್ರ..." ಅಷ್ಟರಲ್ಲಿ ಮಾದೇಶರ ಫೋನು ಬಂತು. ಮಾಳಿಗೆಗೆ ಓಡಿದಳು.

ವಿವರಣೆ ಬೇಕಾಗಿಯೂ ಇರಲಿಲ್ಲ. ರಥದಲ್ಲಿ ಕಾದಾಡುವವರಲ್ಲಿ ಶ್ರೇಷ್ಠನಾದವನು ಅತಿರಥ. ಹಾಗೆಯೇ ತಿದ್ದುವವರಲ್ಲಿ ಶ್ರೇಷ್ಠನಾದವನದು ಅತಿತಿದ್ದುಗೆ. ಮಗಳ ಬಾಯಿಂದ ಇಂಥ ಮಾತು ಕೇಳಲು ತಂದೆಯಾದವನು ಪುಣ್ಯ ಮಾಡಿರಬೇಕು.

೧೭ ಆಗಸ್ಟ್, ಶನಿವಾರ

ಚಾ ಅಂಗಡಿಯ ಲಗಮಣ್ಣನಿಗೆ ಸಂಗತಿ ತಿಳಿಸಿದೆ. ನಾನಾಗಿ ಹೇಳಲಿಲ್ಲ, ಅವನು "ಮತ್ತೇನ್ ಪರಸಣ್ಣಾ?" ಎಂದು ಕೇಳಿದ್ದರಿಂದ ಹೇಳಿದೆ.

"ಅತಿತಿದ್ದುಗೆ? ಸರಕಾರದಿಂದ ಕೊಡ್ತಾರೇನದು?"

"ಸರಕಾರದಿಂದ ಬರುವುದಿಲ್ಲ ಲಗಮಣ್ಣಾ. ಶಾಧನೆಯಿಂದ ಬರುತ್ತದೆ."

ಅವನು ನನ್ನ ಚಾದಲ್ಲಿ ಏಲಕ್ಕಿ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಪೇಟೆಯಲ್ಲಿ ಮೂರ್ನಾಲ್ಕು ಜನ ನಿಲ್ಲಿಸಿ ಅಭಿನಂದಿಸಿದರು. ಅಂಗಡಿಯ ಬೋರ್ಡನ್ನು ಹೊಸದಾಗಿ ಬರೆಸಲು ಪೇಂಟರನಿಗೆ ಹೇಳಿದ್ದೇನೆ: "ಅತಿತಿದ್ದುಗೆ ಪರಸಪ್ಪ, ಧ್ವನಿವರ್ಧಕ ಹಾಗೂ ಪೆಂಡಾಲ." ಅಕ್ಷರ ದಪ್ಪವಾಗಿರಲಿ ಎಂದೆ.

೨೧ ಆಗಸ್ಟ್, ಬುಧವಾರ

ಬೀರವ್ವನ ಪ್ರಗತಿ ಅಚ್ಚರಿ ಹುಟ್ಟಿಸುವಂತಿದೆ. ಇವತ್ತು ಇಡೀ ದಿನ ಒಂದೂ ತಪ್ಪು ಮಾಡಲಿಲ್ಲ. ಹೂಂ, ಹಾಂ, ಇಷ್ಟೇ. ಉಪ್ಪು ಬೇಕಾದರೆ ಬೆರಳು ತೋರಿಸುತ್ತಾಳೆ. ಮನೆ ಶಾಂತವಾಗಿದೆ. ಈ ಶಾಂತೆಯಲ್ಲಿ ನನಗೆ ಭಾಷಣದ ವಾಕ್ಯಗಳನ್ನು ಜೋಡಿಸಲು ಅನುಕೂಲವಾಗಿದೆ.

ಮುದಕವ್ವ ಬಂದು, "ಏನ ಬೀರವ್ವಾ, ಗಂಟಲ ಬಿದ್ದೈತೇನ?" ಎಂದು ಕೇಳಿ ಹೋದಳು. ಬೀರವ್ವ ನಕ್ಕಳು. ಪೂರ್ತಿ ನಗಲಿಲ್ಲ.

ಅತಿಥಿಗಳ ಮುಂದೆ ಏನಾದರೂ ತೊಡಕು ಬಂದರೆ ಸುಮ್ಮನಿದ್ದುಬಿಡು, ಸುಮ್ಮನಿದ್ದವರಿಂದ ತಪ್ಪಾಗುವುದಿಲ್ಲ ಎಂದು ಅವಳಿಗೆ ಹೇಳಿದ್ದೇನೆ.

೨೫ ಆಗಸ್ಟ್, ರವಿವಾರ

ಇವತ್ತಿನದು ವಿವರವಾಗಿ ಬರೆಯಬೇಕು.

ಮಾದೇಶರೂ ಚಿಕ್ಕತಾಯಮ್ಮನವರೂ ಹತ್ತೂವರೆಯ ಸುಮಾರಿಗೆ ಬಂದರು. ಮಾದೇಶರು ಎತ್ತರದ ಆಳು, ನಗುಮುಖ. ಆದರೆ ಭಾಷೆ! ದನ ಸಾಕುವವರ ನಡುವೆ ಇದ್ದು ಇದ್ದು, "ಹೆಂಗದೀರಿ ಮಾವಾರ? ಆರಾಮ?" ಎಂದರು. ನಂಜನಗೂಡಿನಂಥ ಊರಿನಲ್ಲಿ ಹುಟ್ಟಿದವರು ಹೀಗೆ ಕೆಡಬಾರದಿತ್ತು.

"ಶುಖವಾಗಿ ಬಂದಿರಾ?" ಎಂದು ನಾನು ತಾಯಿಯವರನ್ನು ಕೇಳಿದೆ.

"ಬಂದ್ವಿ ಹಣ್ಣಾವ್ರೆ. ಹಕ್ಕಾವ್ರು ಹೆಲ್ಲಿ?" ಎಂದರು.

ಬೀರವ್ವ ರೇಷ್ಮೆ ಸೀರೆ ಉಟ್ಟು ಬಂದು ಕೈಮುಗಿದಳು. ತುಟಿ ಬಿಚ್ಚಲಿಲ್ಲ. ಹೋಳಿಗೆ, ಎಣ್ಣೆಗಾಯಿ, ರೊಟ್ಟೆ, ಎಲ್ಲ ತಾನೇ ಬಡಿಸಿದಳು. ಉಪಚಾರದ ಮಾತು ಪೂರ್ತಿ ನನ್ನ ಪಾಲಿಗೆ ಬಂತು.

"ರೊಟ್ಟೆ ಶಾಕೇ ತಾಯಿ?"

"ಹೇನು?"

"ಶಾಕೇ, ಇನ್ನೂ ಬೇಕೇ?"

ಅವರು ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡು ಗೋಡೆಯ ಮೇಲಿನ ವೈರು ನೋಡಿದರು. ರಾಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಊಟದ ಮೇಲೆ ಅವರು ಆಪ್ತವಾಗಿ ಕೇಳಿದರು. "ನಿಮ್ಮನೇಲಿ ಹೆಮ್ಮೆ ಹಿದೆಯಾ?"

ಎಂಥ ಪ್ರಶ್ನೆ! ಮನೆತನದ ಮನಸ್ಸನ್ನು ಅಳೆಯುವ ಪ್ರಶ್ನೆ. ಅಳೆದು ತೂಗಿ ಉತ್ತರಿಸಿದೆ. "ಹೆಮ್ಮೆ ಇದ್ದೇ ಇದೆ ತಾಯಿ. ಮಗಳು ಶಿಕ್ಷಕೆ. ಆದರೆ ನಾವು ಅದನ್ನು ಹೊರಗೆ ತೋರಿಸುವವರಲ್ಲ."

"ಹೊರಗೆ ಬಿಡೋದೇ ಹಿಲ್ವಾ?"

"ಎಂದೂ ಇಲ್ಲ. ಒಳಗೇ ಇಟ್ಟುಕೊಂಡಿದ್ದೇವೆ."

"ಪಾಪ. ಪೇಟೆ ಮನೇಲಿ ಸಾಕೋದು ಕಷ್ಟನೇ" ಎಂದು ಅವರು ಅಡುಗೆಮನೆಯ ಕಡೆಗೆ, ಹಿತ್ತಲ ಕಡೆಗೆ ಕತ್ತು ಚಾಚಿ ನೋಡಿದರು. ಎಷ್ಟು ಹಾಲು ಕೊಡುತ್ತದೆ ಎಂದೂ ಕೇಳಿದಂತಾಯಿತು. ಮೈಸೂರಿನವರ ಮಾತಿನಲ್ಲಿ ಅಲಂಕಾರ ಹೆಚ್ಚು.

ವಾತಾವರಣ ಇಷ್ಟು ಚೆನ್ನಾಗಿರುವಾಗ ಎಲ್ಲಮ್ಮನ ದರ್ಶನವೂ ಆಗಲಿ ಎಂದು, "ಶಂಜೆ ಶವದತ್ತೆಗೆ ಹೋಗಿ ಬರೋಣವೇ?" ಎಂದೆ.

ಚಿಕ್ಕತಾಯಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ! ಯಾರು ತೀರ್ಕೊಂಡ್ರು?"

"ಯಾರೂ ಇಲ್ಲ. ಅಲ್ಲಿ ಗುಡ್ಡದ ಮೇಲೆ ದೇವೆ ಇದ್ದಾಳೆ. ಶವದತ್ತೆಯಿಂದ ಗುಡ್ಡ ಹತ್ತಿರವೇ."

"ಅವ್ವಾ, ಸವದತ್ತಿ ಅನ್ನಾಕತ್ತಾರ" ಎಂದು ಮಾದೇಶರು ಹೇಳಿದರೂ ಅವರ ಮುಖದ ಗಾಬರಿ ಪೂರ್ತಿ ಇಳಿಯಲಿಲ್ಲ. ಇನ್ನೊಮ್ಮೆ ಹೋದರಾಯಿತು ಎಂದರು.

ಹೊರಡುವಾಗ ಬೀರವ್ವನ ಎರಡೂ ಕೈ ಹಿಡಿದುಕೊಂಡು, "ನಿಮ್ಗೆ ಹೊಪ್ಪಿಗೆನಾ ಹಕ್ಕಾ? ನಮ್ಮ ಹುಡ್ಗ ಹಿಷ್ಟ ಆದ್ನಾ?" ಎಂದು ಕೇಳಿದರು. ಇವಳು ಒಪ್ಪಿಗಿ ಐತ್ರಿ ಎಂದುಬಿಟ್ಟರೆ ಇಡೀ ದಿನದ ಶ್ರಮ ನೀರಿಗೆ ಹೋಗುತ್ತದೆ. ಬೀರವ್ವ ನನ್ನ ಕಡೆ ನೋಡಿದಳು. ಕಣ್ಣಿನಲ್ಲೇ ಬೇಡ ಎಂದೆ. ಸೂಕ್ಷ್ಮ ತಿಳಿದವಳು. ನೆಲ ನೋಡುತ್ತ ನಿಂತಳು.

ಚಿಕ್ಕತಾಯಮ್ಮ ಮೆಲ್ಲಗೆ ಕೈ ಬಿಟ್ಟು ಚಪ್ಪಲಿ ಹಾಕಿಕೊಂಡರು.

ಒಟ್ಟಿನಲ್ಲಿ ಭೇಟೆ ಯಶಸ್ವಿ.

೨೭ ಆಗಸ್ಟ್, ಮಂಗಳವಾರ

ಯಶಸ್ವಿಯಾಗಿಲ್ಲ.

ರಾಣಿ ಬಸ್ಸಿಳಿದು ಬಂದವಳೇ ಬ್ಯಾಗನ್ನು ಮೂಲೆಗೆ ಹಾಕಿ ನನ್ನ ಮುಂದೆ ನಿಂತಳು. ಕಣ್ಣು ಕೆಂಪಾಗಿದ್ದವು. ಚಿಕ್ಕತಾಯಮ್ಮನವರು ಈ ಸಂಬಂಧ ಬೇಡ ಎಂದಿದ್ದಾರೆ. ಹುಡುಗಿಯ ತಾಯಿಗೆ ಮನಸ್ಸಿಲ್ಲ. ಬಂದವರ ಜೊತೆ ಒಂದು ಮಾತೂ ಆಡಲಿಲ್ಲ. ಕೈ ಹಿಡಿದು ಕೇಳಿದರೂ ಹೂಂ ಅನ್ನಲಿಲ್ಲ. ಹೆತ್ತವಳ ಮನಸ್ಸು ನೋಯಿಸಿ ನಾವು ಹೆಣ್ಣು ತರುವುದಿಲ್ಲ ಎಂದರಂತೆ. ಮಾದೇಶರು ಎಷ್ಟು ಹೇಳಿದರೂ ಕೇಳುತ್ತಿಲ್ಲ.

"ಅದರಲ್ಲಿ ನನ್ನ ತಪ್ಪೇನು?" ಎಂದೆ.

"ಅವ್ವ ಬಾಯಿ ತಗದು ಎಷ್ಟ ದಿನಾ ಆತು, ಖಬರ ಐತೇನ್ ನಿನಗ? ಎದ್ದ ಕೂಡಲೆ ಅಕಿ ಬಾಯಾಗಿನ ಮಾತ ಹಿಡಿದ ಜಗ್ಗತಿ. ಅಕಿ ಮಾತಾಡೂದರ ಹೆಂಗ?"

"ನೀನೇ ಹೇಳಿದೆಯಲ್ಲ, ನನ್ನದು ಅತಿತಿದ್ದುಗೆ ಎಂದು."

ರಾಣಿ ಅಳುತ್ತಿದ್ದವಳು ನಿಲ್ಲಿಸಿ ನನ್ನನ್ನೇ ನೋಡಿದಳು. "ಅಪ್ಪಾ, ಅದು ಹೊಗಳಿದ್ದಂತ ತಿಳದೀ?"

ಆಮೇಲೆ ಕುಳಿತು ಬಿಡಿಸಿ ಹೇಳಿದಳು. ಶಾಲೆಯಲ್ಲಿ ಮಕ್ಕಳಿಗೆ ಹೀಗೇ ಹೇಳುತ್ತಾಳೆ ಎಂದು ಕಾಣುತ್ತದೆ.

"ತಪ್ಪ ಆದೀತಂತ ಹೆದರಿ, ಸರಿ ಇದ್ದದ್ದನ್ನೂ ತಿದ್ದಿ ತಪ್ಪ ಮಾಡ್ತೇವಲ್ಲ, ಅದಕ್ಕ ಅತಿತಿದ್ದುಗೆ ಅಂತಾರ. ಮನಿ ಪುಸ್ತಕದಾಗ ಮನೆ ಆಗತೈತಿ, ಖರೆ. ಆದ್ರ ರೊಟ್ಟಿ ಪುಸ್ತಕದಾಗೂ ರೊಟ್ಟಿನ. ಎಲ್ಲಾ ಇಕಾರನೂ ನಮ್ಮ ತಪ್ಪಲ್ಲಪ. ಮಾದೇಶನ ಅವ್ವಂದೂ ಇದ ಹಾಡು. ಅವರೂರಾಗ ಹಾಲಿಗೆ ಆಲು ಅಂತಾರ, ಹಗ್ಗಕ್ಕ ಅಗ್ಗ ಅಂತಾರ. ನಾವು ನಗತೇವಿ ಅಂತ ಹೆದರಿ ಅವರು ಎಲ್ಲಾದಕ್ಕೂ ಹಕಾರ ಹಚ್ಚಿದ್ರು. ಅಣ್ಣ ಹಣ್ಣ ಆತು, ಊಟ ಹೂಟ ಆತು. ಅವರು ನಿನ್ನ ಕೇಳಿದ್ದು ಎಮ್ಮಿ ಐತೇನಂತ. ಹೆಮ್ಮೆ ಅಲ್ಲ."

ನಾನು ನನ್ನ ಉತ್ತರಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಎಮ್ಮೆಯನ್ನು ಎಂದೂ ಹೊರಗೆ ಬಿಡುವುದಿಲ್ಲ, ಒಳಗೇ ಇಟ್ಟುಕೊಂಡಿದ್ದೇವೆ.

ಕೂಡಲೇ ಪೇಂಟರನಿಗೆ ಫೋನ್ ಮಾಡಿದೆ. 'ಅತಿತಿದ್ದುಗೆ ಪರ' ತನಕ ಬರೆದಾಗಿದೆಯಂತೆ. ಒರೆಸು ಎಂದೆ. "ಯಾಕ್ರಿ ಸಾವಕಾರ್ರ, ಕಾಗುಣಿತ ತಪ್ಪೇತೇನ್ರಿ?" ಎಂದು ಕೇಳಿದ.

೨೮ ಆಗಸ್ಟ್, ಬುಧವಾರ

ಬೀರವ್ವನಿಗೆ ಹೇಳಿದೆ: ಇನ್ನು ತಿದ್ದುವುದಿಲ್ಲ, ಹೇಗೆ ಬೇಕೋ ಹಾಗೆ ಮಾತಾಡು, ಚಿಕ್ಕತಾಯಮ್ಮನವರಿಗೆ ಒಂದು ಫೋನ್ ಮಾಡು.

"ಏನಂತ ಮಾತಾಡ್ಲಿ?"

"ಒಪ್ಪಿಗೆ ಎಂದು ಹೇಳು."

"ಒಪ್ಪಿಗಿ ಅನ್ನಲೊ, ಒಪ್ಪಿಗೆ ಅನ್ನಲೊ?"

ಕೇಳುವಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೇ ಕೇಳುತ್ತಿದ್ದಳು. ಫೋನನ್ನು ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಟಿ.ವಿ. ಮೇಲೆ ಇಟ್ಟಳು.

ಮುದಕವ್ವನ ಸೊಸೆ ಸಿಲಿಂಡರು ಉರುಳಿಸಿದ ಮೇಲೆ ಏನಾಯಿತು ಎಂದು ಕೇಳಿದೆ. "ಮರತೇನ್ರಿ" ಎಂದಳು.

೩೦ ಆಗಸ್ಟ್, ಶುಕ್ರವಾರ

ಕುಕ್ಕರಿನ ಸೀಟಿ ಬಿಟ್ಟರೆ ಮನೆಯಲ್ಲಿ ಸಪ್ಪಳವಿಲ್ಲ. ಅಂಗಡಿಗೆ ಹೋಗಿ ಸುಮ್ಮನೆ ಹಾಡು ಹಚ್ಚಿಕೊಂಡು ಕುಳಿತೆ. ಲಗಮಣ್ಣ ಬಂದು, "ಅತಿತಿದ್ದುಗೆಯವರ ಮಾರಿ ಯಾಕ ಬಾಡೇತಿ?" ಎಂದ. ಆ ಶಬ್ದ ಬಳಸಬೇಡ ಎಂದೆ. ಅಷ್ಟು ದೊಡ್ಡ ಮನುಷ್ಯನಾದರೂ ಎಷ್ಟು ವಿನಯ ಎಂದು ಪಕ್ಕದವನಿಗೆ ಹೇಳುತ್ತ ಹೋದ.

೧ ಸೆಪ್ಟೆಂಬರ್, ರವಿವಾರ

ಬೆಳಿಗ್ಗೆ ದೊಡವಾಡದಿಂದ ಬೀರವ್ವನ ಅಣ್ಣ ಶಟ್ಟೆಪ್ಪನ ಫೋನು. ಎಮ್ಮೆ ಈಯಲಾರದೆ ಒದ್ದಾಡುತ್ತಿದೆ, ಡಾಕ್ಟರಿಗೆ ಹೇಳಿ ಕಳಿಸಿದ್ದೇನೆ, ಅಂಜಿಕೆಯಾಗುತ್ತಿದೆ ಎಂದ. ಆ ಎಮ್ಮೆಯ ತಾಯಿಯನ್ನು ಬೀರವ್ವ ತವರಿನಲ್ಲಿದ್ದಾಗ ತಾನೇ ಸಾಕಿದ್ದಳು. ಅವಳು ಒಂದು ಮಾತೂ ಆಡದೆ ಚೀಲ ತೆಗೆದುಕೊಂಡು ಸ್ಟ್ಯಾಂಡಿನ ಕಡೆ ನಡೆದಳು. ರಾಣಿ ತರಬೇತಿಗೆಂದು ಧಾರವಾಡಕ್ಕೆ ಹೋಗಿದ್ದಳು. ನಾನು ಬಾಗಿಲಿಗೆ ಕೀಲಿ ಹಾಕಿ ಹಿಂದೆ ಓಡಿದೆ.

ಹೋಗಿ ನೋಡಿದರೆ ಕೊಟ್ಟಿಗೆಯಲ್ಲಿ ಮಾದೇಶರು ಅಂಗಿ ಬಿಚ್ಚಿಟ್ಟು, ಭುಜದ ತನಕ ಸೋಪು ಹಚ್ಚಿಕೊಂಡು ಎಮ್ಮೆಯ ಹಿಂದೆ ಮಂಡಿಯೂರಿದ್ದರು. ಕರುವಿನ ಮುಂಗಾಲು ಒಳಗೆ ಮಡಚಿಕೊಂಡಿದೆ, ಅದನ್ನು ನೆಟ್ಟಗೆ ಮಾಡದೆ ಹೊರಗೆ ಬಾರದು ಎಂದರು. ಅವರ ಪಕ್ಕದಲ್ಲಿ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ನಿಂತವರು ಚಿಕ್ಕತಾಯಮ್ಮ! ಎಮ್ಮೆ ಎಂದು ಕೇಳಿದ್ದೇ ಮಗನ ಹಿಂದೆಯೇ ಹೊರಟು ಬಂದಿದ್ದರು. ಬೀರವ್ವನನ್ನು ಕಂಡು ಮುಖ ಆಚೆ ತಿರುಗಿಸಿದರು. ಬೀರವ್ವ ತಲೆ ತಗ್ಗಿಸಿದಳು.

ನನಗೆ ಎಮ್ಮೆಯ ತಲೆ ಹಿಡಿಯುವ ಕೆಲಸ ಬಂತು. ಮಾದೇಶರು ಹೇಗೋ ಕಾಲನ್ನು ನೆಟ್ಟಗೆ ಮಾಡಿ, ಎರಡೂ ಮುಂಗಾಲಿಗೆ ಹಗ್ಗ ಕಟ್ಟಿದರು. ಶಟ್ಟೆಪ್ಪ ಒಂದು ಹಗ್ಗ, ಹೆಂಗಸರಿಬ್ಬರೂ ಒಂದು ಹಗ್ಗ. ಇಂಥ ಹೊತ್ತಿನಲ್ಲಿ ಒಬ್ಬರು ನಿರ್ದೇಶನ ಕೊಡಬೇಕಾಗುತ್ತದೆ. ನಾನು ಗಂಟಲು ಸರಿಮಾಡಿಕೊಂಡು, "ದಯವಿಟ್ಟು ಎಲ್ಲರೂ ಏಕಕಾಲಕ್ಕೆ, ನಿಧಾನವಾಗಿ ಎಳೆಯಬೇಕಾಗಿ..." ಎಂದು ಆರಂಭಿಸುವಷ್ಟರಲ್ಲಿ ಎಮ್ಮೆ ನನ್ನ ಪಾದದ ಮೇಲೆ ಕಾಲಿಟ್ಟಿತು.

"ಯವ್ವಾ! ಸತ್ತೆನಬೇ! ಕಾಲ ತಗಸ್ರೋ!"

ಮೂಗುದಾರ ಕೈಜಾರಿತು. ಎಮ್ಮೆ ಪಕ್ಕಕ್ಕೆ ವಾಲಿತು. ಹಗ್ಗ ಜಾರತೊಡಗಿತು. ಆಗ ಕೇಳಿತು, ಇಷ್ಟು ದಿನ ಎಲ್ಲಿ ಅಡಗಿತ್ತೋ ಆ ಧ್ವನಿ. ಇಡೀ ಓಣಿಗೆ ಕೇಳುವಂತೆ.

"ಏ, ಬಿಡಬ್ಯಾಡ್ರೀ ಅದನ್ನ! ನಿಮ್ಮ ಕಾಲಿಗೇನ ಆಗಿಲ್ಲ, ತಲಿ ಹಿಡಕೊಳ್ರಿ ಮದಲ! ಅಣ್ಣಾ, ಅದು ತಿಣಕಿದಾಗ ಜಗ್ಗೋ, ಸುಮ್ಸುಮ್ನ ಜಗ್ಗಬ್ಯಾಡ! ಜಗ್ರೀ ಅಕ್ಕಾರ, ಜಗ್ರೀ!"

"ಎಳೀತಿವ್ನಿ ಕಣವ್ವಾ! ಅಗ್ಗ ಬುಡಬ್ಯಾಡಿ! ಇಡ್ಕಳಿ, ಇಂಗೆ ಕೆಳೀಕೆ ಎಳೀರಿ, ಮ್ಯಾಲಕ್ಕಲ್ಲ!" ಎಂದರು ಚಿಕ್ಕತಾಯಮ್ಮ.

ಒಬ್ಬಳು ಜಗ್ಗು ಎನ್ನುತ್ತಾಳೆ, ಒಬ್ಬರು ಎಳಿ ಎನ್ನುತ್ತಾರೆ. ಇಬ್ಬರೂ ಒಂದೇ ಹಗ್ಗ ಹಿಡಿದಿದ್ದರು. ಎಮ್ಮೆ ಒಮ್ಮೆ ದೊಡ್ಡದಾಗಿ ತಿಣುಕಿತು, ಕರು ಜಾರಿ ಮಾದೇಶರ ತೊಡೆಯ ಮೇಲೆಯೇ ಬಿತ್ತು.

ಅಲುಗಾಡಲಿಲ್ಲ.

ಮಾದೇಶರು ಮೂಗು ಬಾಯಿ ಒರೆಸಿ ಎದೆ ತಿಕ್ಕತೊಡಗಿದರು. ಬೀರವ್ವ ಒಣಹುಲ್ಲು ತೆಗೆದುಕೊಂಡು ಬೆನ್ನು ತಿಕ್ಕಿದಳು. ಚಿಕ್ಕತಾಯಮ್ಮ ಒಂದು ಹುಲ್ಲುಕಡ್ಡಿಯನ್ನು ಅದರ ಮೂಗಿಗೆ ಹಾಕಿ ತಿರುವಿದರು. "ಉಸರ ಬಿಡ ನನ್ನವ್ವ, ಉಸರ ಬಿಡ" ಎಂದು ಬೀರವ್ವ ಹೇಳುತ್ತಲೇ ಇದ್ದಳು. ನನಗೂ ಕಾಲಿನ ನೋವು ಮರೆತುಹೋಯಿತು. "ಬಿಡ್ತೈತಿ, ಬಿಡ್ತೈತಿ, ತಿಕ್ಕ ನೀ" ಎಂದೆ. ಕರು ಸೀನಿತು. ಕಿವಿ ಬಡಿಯಿತು.

ಚಿಕ್ಕತಾಯಮ್ಮ ಸಗಣಿಯ ನೆಲದ ಮೇಲೆಯೇ ಕುಳಿತುಬಿಟ್ಟರು. ಬೀರವ್ವನನ್ನು ನೋಡಿ, "ಅಯ್ಯೋ ಸಿವನೆ, ನಿಮ್ಗೆ ಮಾತು ಬತ್ತದಲ್ಲ ಕಣವ್ವಾ! ನಮ್ಮುಡ್ಗನ್ ಕಂಡ್ರೆ ನಿಮ್ಗಾಗಲ್ಲ ಅಂತ ಅಂದ್ಕಂಡಿದ್ನಲ್ಲ!" ಎಂದರು.

"ನಾ ಬಾಯಿ ತಗದ್ರ ನೀವು ನಗತೀರಿ ಅಂದ್ರು ನಮ್ಮನಿಯವ್ರು. ಅದಕ್ಕ ಸುಮ್ಮನಾಗಿದ್ನಿರಿ."

"ನಾವ್ ನಗೋದಾ? ಧಾರ್ವಾಡದ ಕಡೆಯೋರು ಬಾಳ ಓದ್ಕಂಡೋರು, ನಮ್ ಮಾತ್ ಕೇಳುದ್ರೆ ಆಡ್ಕಂತಾರೆ ಅಂತ ನಾನೇ ಕನ್ನಡಿ ಮುಂದ್ ನಿಂತ್ಕಂಡು ಅ, ಅ ಅಂತ ವಾರಗಟ್ಲೆ ಕಲ್ತೆ. ಒಟ್ಟೆನೋವು ಬಂದ್ಬುಡ್ತು."

"ಅದು ಹ, ಅವ್ವಾ" ಎಂದರು ಮಾದೇಶರು.

"ಅದನ್ನೇ ಕಣ್ಲಾ ಏಳಿದ್ದು!"

ಬೀರವ್ವ ನಕ್ಕಳು. ಸೆರಗು ಅಡ್ಡ ಹಿಡಿಯದೆ, ಕಣ್ಣಲ್ಲಿ ನೀರು ಬರುವ ತನಕ. ಚಿಕ್ಕತಾಯಮ್ಮನೂ ಶುರುಮಾಡಿದರು. ಆಮೇಲೆ ಆ ಇಬ್ಬರು ಬಚ್ಚಲಿಗೆ ಹೋದರು, ಅಲ್ಲಿಂದ ಕಟ್ಟೆಗೆ ಬಂದರು, ಚಾ ಕುಡಿದರು, ಗಿಣ್ಣ ಕಾಸಿದರು. ಮಾತು ಎಲ್ಲಿಯೂ ತುಂಡಾಗಲಿಲ್ಲ. ಅರ್ಧ ಇವಳದು ಅವರಿಗೆ ತಿಳಿಯುತ್ತಿರಲಿಲ್ಲ, ಅರ್ಧ ಅವರದು ಇವಳಿಗೆ, "ಹಂಗಂದ್ರೇನ್ರಿ?" ಎಂದು ಕೇಳಿ ಮುಂದಕ್ಕೆ ಹೋಗುತ್ತಿದ್ದರು. ನಾನು, ಮಾದೇಶ, ಶಟ್ಟೆಪ್ಪ ಕರುವಿನ ಹತ್ತಿರ ಕುಳಿತಿದ್ದೆವು. ನನ್ನ ಪಾದಕ್ಕೆ ಮಾದೇಶನೇ ಪಟ್ಟಿ ಕಟ್ಟಿದ. ದನಕ್ಕೆ ಹಚ್ಚುವ ಮುಲಾಮು, ಆದರೆ ಛಲೋ ಇದೆ.

ಸಂಜೆಯ ಬಸ್ಸಿಗೆ ಹತ್ತಿದೆವು. ಕಿಟಕಿಯ ಬದಿ ಬೀರವ್ವ ಕುಳಿತಳು. ಟಿಕೀಟು ತೆಗೆಸುವ ಮೊದಲೇ ಶುರುವಾಯಿತು.

"ಕೇಳ್ರಿಲ್ಲೆ. ಲಗ್ನ ದೀಪಾವಳಿ ಆದ ಮ್ಯಾಲಂತ ಮಾಡೇವಿ, ನಾನೂ ಅಕ್ಕಾರೂ. ನಿಮ್ಮನ್ನ ಕೇಳೂದೇನೈತಿ, ನೀವು ಹೂಂ ಅಂತೀರಿ ಅಂತ ಹೇಳಿಬಿಟ್ನಿ. ಹುಡುಗಿಗೆ ಸೀರಿ ಅವರ ತರತಾರಂತ, ಬಣ್ಣ ನಾ ಹೇಳೇನಿ. ಮತ್ತ ಅಕ್ಕಾರ ಗಂಡ ತೀರಿಕೊಂಡಾಗ ಮಾದೇಶ ಇನ್ನಾ ಸಾಲಿಗೆ ಹೊಕ್ಕಿದ್ನಂತ್ರಿ, ಎಮ್ಮಿ ಹಾಲ ಮಾರಿ ಓದಸ್ಯಾರ. ಅದಕ್ಕ ನಮ್ಮನ್ಯಾಗ ಎಮ್ಮಿ ಐತೇನಂತ ಕೇಳಿದ್ದು. ಎಮ್ಮಿ ಇದ್ದ ಮನಿಯಾಗ ಬೆಳದ ಹುಡುಗಿ ಆದ್ರ ಕಷ್ಟ ತಿಳೀತೈತಿ ಅಂತ. ಎಂಥಾ ಮನಸ್ಸ ನೋಡ್ರಿ. ನಾ ಅಂದ್ನಿ, ನಮ್ಮ ರಾಣಿಗೆ ಎಮ್ಮಿ ಗೊತ್ತಿಲ್ಲ, ಆದ್ರ ಕಷ್ಟ ಗೊತ್ತೈತಿ, ಅವರಪ್ಪನ ಸಂಗಾಟ ಬೆಳದಾಳ ಅಂತ."

ಮುಂದಿನ ಸೀಟಿನವರು ತಿರುಗಿ ನೋಡಿದರು. ಆಕೆ ನಿಲ್ಲಿಸಲಿಲ್ಲ. ಹೊಲಗಳಲ್ಲಿ ಸೋಯಾ ಹಳದಿಗೆ ತಿರುಗುತ್ತಿತ್ತು. ಯಾರ ಹೊಲ, ಯಾರು ಭಾಗ ಮಾಡಿಕೊಂಡರು, ಯಾರ ಮಗಳು ಎಲ್ಲಿಗೆ ಹೋದಳು, ಎಲ್ಲ ಹೇಳಿದಳು. ಊರು ಹತ್ತಿರ ಬಂದಾಗ ಒಮ್ಮೆಲೇ ನನ್ನ ಕಡೆ ತಿರುಗಿದಳು.

"ನೀವ್ಯಾಕ ಸುಮ್ಮನ ಕುಂತೀರಿ? ಕಾಲ ನೋಯಾಕತ್ತೇತೇನ್ರಿ?"

"ಇಲ್ಲ. ಕೇಳಾಕತ್ತೇನಿ, ನೀ ಹೇಳ" ಅಂದೆ.

ಬಸ್ಸು ಬೈಲಹೊಂಗಲ ಮುಟ್ಟಿದಾಗ ಮಾತು ಇನ್ನೂ ಮುಗಿದಿರಲಿಲ್ಲ. ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು, ಪೂರ್ತಿ ಕೇಳಿಕೊಂಡು ಮನೆಗೆ ಬಂದೆ.